ಉದಯಕುಮಾರ್ ಲೆಕ್ಕದ ಮೇಷ್ಟ್ರಾದದ್ದು

ಗಂಡಸಿನ ಮಾನ ತೆಗೆಯುವುದಕ್ಕೆ ಏಳನೇ ಕ್ಲಾಸಿನ ಲೆಕ್ಕದ ಪುಸ್ತಕವೊಂದು ಸಾಕು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಉದಯಕುಮಾರ್ ಅದನ್ನು ಬೆರಳ ತುದಿಯಲ್ಲೂ ಮುಟ್ಟುತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುವ ಆಸಾಮಿಯಲ್ಲ, ಆ ಮಾತು ಬೇರೆ.

ಉದಯಕುಮಾರ್ ಕೊಳ್ಳೇಗಾಲದವನು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹನೂರಿಗೆ ಹೋಗಿ, ಅಲ್ಲೊಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ಬಸ್ಸಿಗೆ ವಾಪಸ್ಸು ಬರುವವನು. ಅವನ ಪಾಲಿಗೆ ಈ ಲೋಕದಲ್ಲಿ ಹೆಮ್ಮೆಪಡುವ ವಸ್ತುಗಳು ಮೂರೇ. ಮೊದಲನೆಯದು ಮಗಳು ಸಿಂಚನ. ಎರಡನೆಯದು, ಓದುವ ಕಾಲದಲ್ಲಿ ತಾನು ಲೆಕ್ಕದಲ್ಲಿ ಇಡೀ ಸ್ಕೂಲಿಗೆ ಮೊದಲು ಬಂದಿದ್ದೆ ಅನ್ನುವ ಕಥೆ. (ಮದುವೆಯ ಹೊಸತರಲ್ಲಿ ಆ ಅಂಕ ಎಪ್ಪತ್ತೆರಡಿತ್ತು. ಸಿಂಚನ ಹುಟ್ಟುವ ಹೊತ್ತಿಗೆ ಎಂಬತ್ತನಾಲ್ಕಾಯಿತು. ಸದ್ಯಕ್ಕೆ ತೊಂಬತ್ತಾರರಲ್ಲಿ ನಿಂತಿದೆ. ಮಗಳ ಮದುವೆಯ ಹೊತ್ತಿಗೆ ನೂರು ದಾಟಬಹುದು ಎಂದು ಹೆಂಡತಿ ರೂಪಳ ಅಂದಾಜು.) ಮೂರನೆಯದು ಅವನ ತಲೆಗೂದಲು. ವಯಸ್ಸು ನಲವತ್ತು ದಾಟಿ ಕಚೇರಿಯ ಸಮಸ್ತ ಸಿಬ್ಬಂದಿಯ ನೆತ್ತಿ ಬಯಲಾಗಿದ್ದರೂ ಇವನದು ಮಾತ್ರ ಕಾರ್ತಿಕದ ರಾಗಿ ಹೊಲ. ಮುಂದೆ ಒಂದು ಸುಳಿ, ಹಿಂದೆ ಒಂದು ಅಲೆ, ಜೇಬಿನಲ್ಲಿ ಸದಾ ಒಂದು ಬಾಚಣಿಗೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಕೂದಲು ಕೆದರುತ್ತದೆಂದು ಬೇರೆಯವರಿಗೆ ಬಿಟ್ಟುಕೊಡುವ ತ್ಯಾಗಜೀವಿ ಅವನು.

ದಸರಾ ರಜದ ಹಿಂದಿನ ದಿನ ಸಿಂಚನಳ ಅರ್ಧ ವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಮನೆಗೆ ಬಂತು. ಕನ್ನಡ, ಸಮಾಜ, ವಿಜ್ಞಾನ ಎಲ್ಲ ಚೆನ್ನಾಗಿಯೇ ಇದ್ದವು. ಗಣಿತದ ಎದುರಿಗೆ ಮಾತ್ರ ಕೆಂಪು ಶಾಯಿಯಲ್ಲಿ ಹತ್ತೊಂಬತ್ತು ಎಂದಿತ್ತು.

"ಐವತ್ತಕ್ಕಾ?" ಎಂದು ಉದಯಕುಮಾರ್ ಆಸೆಯಿಂದ ಕೇಳಿದ.

"ನೂರಕ್ಕೆ," ಅಂದಳು ರೂಪ.

ಅವಳು ಆಗಲೇ ಶಾಗ್ಯದಲ್ಲಿದ್ದ ತನ್ನ ತಾಯಿ ಶಂಕರಮ್ಮನಿಗೆ ಫೋನು ಮಾಡಿ ಆಗಿತ್ತು. ಶಂಕರಮ್ಮ ಯಳಂದೂರಿನಲ್ಲಿ ಲೆಕ್ಕದ ಮೇಷ್ಟ್ರಾಗಿರುವ ಮಗ ನಿಂಗರಾಜುವಿಗೆ ಫೋನು ಮಾಡಿಯೂ ಆಗಿತ್ತು. ಗಂಡನ ಮುಂದೆ ತಟ್ಟೆ ಇಡುವ ಹೊತ್ತಿಗೆ ತವರಿನ ಸಂಪುಟ ಸಭೆ ಮುಗಿದು ತೀರ್ಮಾನ ಹೊರಬಿದ್ದಿತ್ತು.

"ಅವ್ವ ಏಳ್ತಿತ್ತು ಕಣ್ರಿ. ಜೂನ್‌ಗೆ ಮಗೀನ ಯಳಂದೂರಿಗೆ ಕಳ್ಸ್‌ಬುಡಿ, ನಿಂಗರಾಜು ಮನೇಲೇ ಇದ್ಕಂಡು ಎಂಟ್ನೇ ಕ್ಲಾಸು ಓದ್ಲಿ ಅಂತ. ಅವ್ನು ಲೆಕ್ಕಾನೆಲ್ಲ ಅತ್ತಿಸ್ಬುಡ್ತಾನಂತೆ."

ಉದಯಕುಮಾರ್ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. "ಅಂದ್ರೆ? ಈ ಮನೇಲಿ ಲೆಕ್ಕ ಗೊತ್ತಿರೋ ಗಂಡ್ಸು ಯಾರೂ ಇಲ್ಲ ಅಂತ ತಿಳ್ಕಂಡವ್ರ ನಿಮ್ಮೋರು?"

ರೂಪ ಒಗ್ಗರಣೆಗೆ ಸಾಸಿವೆ ಹಾಕಿದಳು. ಅದು ಚಟಪಟ ಅಂದಿತು.

ಅವಮಾನವಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ಭಯವಾಯಿತು. ಸಂಜೆ ಬಸ್ಸಿಳಿದು ಬಂದರೆ ಗೇಟು ತೆಗೆಯುವವಳು ಸಿಂಚನ. ಊಟದ ಡಬ್ಬಿಯ ಚೀಲ ಕಿತ್ತುಕೊಂಡು, ಅದರೊಳಗೆ ಹನೂರಿನಿಂದ ಏನಾದರೂ ಪೊಟ್ಟಣ ಬಂದಿದೆಯೇ ಎಂದು ತಡಕುವವಳು ಅವಳು. ಅವಳು ಹೋದರೆ ಆ ಗೇಟನ್ನು ತಾನೇ ತೆಗೆದುಕೊಂಡು ಒಳಗೆ ಬರಬೇಕು. ಮಗಳನ್ನು ಬಿಟ್ಟಿರಲು ಅವನಿಗೆ ಆಗುವುದಿಲ್ಲ, ಅಷ್ಟೇ. ಆದರೆ ಇದನ್ನು ಹಾಗೇ ಹೇಳಿಬಿಟ್ಟರೆ ಗಂಡಸುತನ ಎಲ್ಲಿ ಉಳಿಯುತ್ತದೆ? ಆದ್ದರಿಂದ ಎದೆ ಉಬ್ಬಿಸಿ, "ನಾನೇ ಏಳ್ಕೊಡ್ತೀನಿ," ಎಂದು ಘೋಷಿಸಿದ. "ವಾರ್ಷಿಕ ಪರೀಕ್ಷೇಲಿ ಅರವತ್ತರ ಮ್ಯಾಕೆ ತೆಗೆಸ್ದಿದ್ರೆ ಕೇಳು. ಆಗ ಬೇಕಾದ್ರೆ ಯಳಂದೂರ್‌ಗೆ ಕಳ್ಸು."

"ನೀವಾ?" ಅಂದಳು ರೂಪ.

ಆ ಒಂದು ಪ್ರಶ್ನೆಗೆ ಉತ್ತರ ಕೊಡಲೆಂದೇ ಉದಯಕುಮಾರ್ ಮೇಷ್ಟ್ರಾದ.

ವಿಜಯದಶಮಿಯ ದಿನ ನಡುಮನೆಯಲ್ಲಿ ಪಾಠಶಾಲೆ ಆರಂಭವಾಯಿತು. ಗೋಡೆಗೊಂದು ಕರಿಹಲಗೆ, ಮೇಷ್ಟ್ರಿಗೆ ಪ್ಲಾಸ್ಟಿಕ್ ಕುರ್ಚಿ, ವಿದ್ಯಾರ್ಥಿನಿಗೆ ಚಾಪೆ. ಮೇಷ್ಟ್ರು ತಲೆ ಬಾಚಿಕೊಂಡು ಬಂದು, ಗಣಿತವೆಂಬುದು ಜೀವನದ ಅಡಿಪಾಯ ಅಂತ ಒಂದು ಉದ್ಘಾಟನಾ ಭಾಷಣ ಮಾಡಿದರು. ಅಡಿಪಾಯದ ಮೊದಲ ಕಲ್ಲೇ ನೀರಿನ ತೊಟ್ಟಿಯ ಲೆಕ್ಕ. ಮೇಲಿನ ನಲ್ಲಿ ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ ತುಂಬಿಸುತ್ತದೆ, ತಳದ ನಲ್ಲಿ ಆರು ಗಂಟೆಯಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ತೆರೆದಿಟ್ಟರೆ ತುಂಬಲು ಎಷ್ಟು ಹೊತ್ತು?

ಉದಯಕುಮಾರ್ ನಾಲ್ಕನ್ನೂ ಆರನ್ನೂ ಕೂಡಿದ, ಕಳೆದ, ಗುಣಿಸಿದ. ತೊಟ್ಟಿ ಒಮ್ಮೆ ಹತ್ತು ಗಂಟೆಗೆ ತುಂಬಿತು, ಒಮ್ಮೆ ಎರಡೇ ಗಂಟೆಗೆ ತುಂಬಿತು, ಒಮ್ಮೆ ತುಂಬಲೇ ಇಲ್ಲ.

"ಅಪ್ಪ, ತಳದ ನಲ್ಲಿ ಯಾಕೆ ತೆಗೆದಿಟ್ರು?" ಎಂದು ಸಿಂಚನ ಕೇಳಿದಳು.

"ಅದೇ ಕಣವ್ವ ನಾನೂ ಯೋಚ್ನೆ ಮಾಡ್ತಿರೋದು. ನೀರಿಗೆ ಬೆಲೆ ಗೊತ್ತಿಲ್ದೋರು."

"ಆ ತೊಟ್ಟಿ ತುಂಬೋ ಒತ್ಗೆ ಸಾರು ಆರೋಯ್ತು," ಎಂದು ಅಡುಗೆಮನೆಯಿಂದ ಧ್ವನಿ ಬಂತು.

ಅಂಕಗಣಿತದಲ್ಲಿ ಹೀಗೆ ಮುಳುಗಿದವನು ಬೀಜಗಣಿತದಲ್ಲಿ ತೇಲುವ ಹುಮ್ಮಸ್ಸಿನಲ್ಲಿದ್ದ. ಸಮ ಚಿಹ್ನೆಯ ಈ ಕಡೆಯಿಂದ ಆ ಕಡೆಗೆ ಹೋದರೆ ಕೂಡುವ ಸಂಖ್ಯೆ ಕಳೆಯುವುದಾಗುತ್ತದೆ ಅನ್ನುವುದೊಂದು ಅವನ ನೆನಪಿನಲ್ಲಿ ಹೇಗೋ ಉಳಿದುಕೊಂಡಿತ್ತು. ಅದನ್ನು ಮಗಳ ತಲೆಗೆ ಇಳಿಸಲು ಒಳ್ಳೆಯ ಉದಾಹರಣೆಯನ್ನೂ ಹುಡುಕಿದ.

"ನೋಡವ್ವ, ಇದು ಗಡಿ ಇದ್ದಂಗೆ. ಈ ಕಡೆ ಇರೋಗಂಟ ಕನ್ನಡ. ಗಡಿ ದಾಟಿ ಆ ಕಡೆಗೋದ್ರೆ ತಮಿಳು. ಅಂಗೆ ಪ್ಲಸ್ಸು ಅಲ್ಲಿಗೋದ್ರೆ ಮೈನಸ್ಸು. ತಿಳೀತಾ?"

ಸಿಂಚನ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. "ಮಾರ್ಟಳ್ಳೀಲಿ ಎರಡೂ ಮಾತಾಡ್ತಾರಲ್ಲಪ್ಪ. ಹಂಗಾದ್ರೆ ಮಾರ್ಟಳ್ಳಿ ಪ್ಲಸ್ಸಾ ಮೈನಸ್ಸಾ?"

ಉದಯಕುಮಾರನಿಗೆ ಗಡಿಯಂಚಿನ ಆ ಮಾರ್ಟಳ್ಳಿಯ ಮೇಲೆ ವಿನಾಕಾರಣ ಸಿಟ್ಟು ಬಂತು. ಉದಾಹರಣೆ ಬದಲಿಸಿದ. "ಓಗ್ಲಿ ಬುಡು. ಹೆಣ್ಣು ತವರುಮನೆ ಬುಟ್ಟು ಗಂಡನ ಮನೆಗೆ ಬಂದ್ರೆ ಬದಲಾಗಲ್ವ? ಅಂಗೆ ಅನ್ಕೊ."

"ಅದು ಸರಿಯಾಗದೆ," ಎಂದು ಅಡುಗೆಮನೆ ತಕ್ಷಣ ಒಪ್ಪಿತು. "ಅಲ್ಲಿ ಪ್ಲಸ್ಸಾಗಿದ್ದೆ, ಇಲ್ಲಿಗೆ ಬಂದು ಮೈನಸ್ಸಾದೆ."

ಮೇಷ್ಟ್ರು ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು ಬಂದು ಲೆಕ್ಕಕ್ಕೆ ಕೂತರು. ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದು ಕೂಡಿಸಿದರೆ ಇಪ್ಪತ್ತಾರು, ಆ ಸಂಖ್ಯೆ ಯಾವುದು? ಉದಯಕುಮಾರ್ ಐದನ್ನು ಆ ಕಡೆಗೆ ಕಳಿಸಿದ. ಆದರೆ ಗಡಿಯ ಗಲಾಟೆಯಲ್ಲಿ ಅದಕ್ಕೆ ಭಾಷೆ ಬದಲಿಸುವುದನ್ನು ಮರೆತ. ಇಪ್ಪತ್ತಾರಕ್ಕೆ ಐದು ಸೇರಿ ಮೂವತ್ತೊಂದಾಯಿತು, ಅದು ಮೂರರಿಂದ ಭಾಗವಾಗದೆ ಹಟ ಹಿಡಿಯಿತು. ಎರಡು ಸಲ ಅಳಿಸಿ ಬರೆದು, ಕೊನೆಗೆ "ಪುಸ್ತಕದಲ್ಲಿ ಪ್ರಿಂಟ್ ಮಿಸ್ಟೇಕು" ಎಂದು ತೀರ್ಪು ಕೊಟ್ಟ.

"ಅಪ್ಪ, ಐದು ಗಡಿ ದಾಟ್ತಲ್ಲ, ಕಳೀಬೇಕಿತ್ತಲ್ವ? ಆಗ ಇಪ್ಪತ್ತೊಂದು. ಮೂರ್ ಏಳ್ಲಿ ಇಪ್ಪತ್ತೊಂದು. ಏಳು ಬರುತ್ತೆ."

"ಅದನ್ನ ನೀನು ಕಂಡಿಡೀತೀಯ ಇಲ್ವ ಅಂತ ಪರೀಕ್ಸೆ ಮಾಡ್ದೆ ಕಣವ್ವ," ಅಂದ ಉದಯಕುಮಾರ್. ಈ ವಾಕ್ಯ ಮುಂದಿನ ದಿನಗಳಲ್ಲಿ ಆ ಪಾಠಶಾಲೆಯ ನಿತ್ಯಮಂತ್ರವಾಯಿತು.

ಆದರೆ ಮಂತ್ರದಿಂದ ಮಾವಿನಕಾಯಿ ಉದುರುವುದಿಲ್ಲವಲ್ಲ. ರೇಖಾಗಣಿತ ಬಂದಾಗ ಗೊತ್ತಾಯಿತು. ತ್ರಿಭುಜದ ಮೂರು ಕೋನ ಕೂಡಿದರೆ ನೂರ ಎಂಬತ್ತು ಎಂದು ಹೇಳಿ, ತಾನೇ ಒಂದು ತ್ರಿಭುಜ ಬರೆದು, ಕೋನಮಾಪಕ ಇಟ್ಟು ಅಳೆದರೆ ನೂರ ತೊಂಬತ್ತನಾಲ್ಕು ಬಂತು. ಕೋನಮಾಪಕ ಅಗ್ಗದ ಮಾಲು ಎಂದು ಬೈದು ಹೊಸದನ್ನು ತಂದ. ಅದರಲ್ಲಿ ನೂರ ಎಪ್ಪತ್ತೊಂದು. ಆಮೇಲೆ ಸಿಂಚನ, "ವೃತ್ತದ ಸುತ್ತಳತೆಗೆ ಇಪ್ಪತ್ತೆರಡರ ಕೆಳಗೆ ಏಳು ಅಂತಾರಲ್ಲ, ಅದು ಯಾಕಪ್ಪ? ಸಣ್ಣ ವೃತ್ತಕ್ಕೂ ಅಷ್ಟೇ, ದೊಡ್ಡ ವೃತ್ತಕ್ಕೂ ಅಷ್ಟೇ ಹೆಂಗಾಗುತ್ತೆ?" ಎಂದು ಕೇಳಿದಳು.

"ದೊಡ್ಡೋರು ಮಾಡವ್ರೆ. ಅಂಗೆಲ್ಲ ಕೇಳ್ಬಾರ್ದು," ಅಂದ.

ಸಿಂಚನ ಪುಸ್ತಕ ಮುಚ್ಚಿ, "ಅಪ್ಪ, ನಾನು ಯಳಂದೂರಿಗೆ ಹೋಗ್ಲೇಬೇಕಾಗುತ್ತಾ?" ಎಂದು ಮೆಲ್ಲಗೆ ಕೇಳಿದಳು. ಅವನು ಇಲ್ಲ ಅಂತ ತಲೆಯಾಡಿಸಿದ, ಆದರೆ ಆ ಉತ್ತರವೂ ಸರಿಯೋ ತಪ್ಪೋ ಅವನಿಗೆ ಗೊತ್ತಿರಲಿಲ್ಲ.

ಮಾರನೆಯ ಸಂಜೆ ಹನೂರಿನ ಬಸ್‌ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ನಿಂತು, ಸುತ್ತಮುತ್ತ ನೋಡಿ, ಉದಯಕುಮಾರ್ ಯಳಂದೂರಿಗೆ ಫೋನು ಮಾಡಿದ.

ಈ ನಿಂಗರಾಜುವಿನ ಬಗ್ಗೆ ಎರಡು ಮಾತು. ಹೆಂಡತಿಯ ತಮ್ಮ, ವಯಸ್ಸು ಮೂವತ್ತೈದು ಆಗಿಲ್ಲ, ಆದರೆ ಎರಡು ಕಿವಿಯ ಮೇಲೆ ನಾಲ್ಕು ನಾಲ್ಕು ಕೂದಲು ಬಿಟ್ಟರೆ ತಲೆ ಪೂರಾ ಬೋಳು. (ಅತಿಯಾಗಿ ಲೆಕ್ಕ ಮಾಡಿದರೆ ಹೀಗೇ ಆಗುವುದು ಎಂದು ಉದಯಕುಮಾರ್ ಬೀಗರ ಮುಂದೆಲ್ಲ ಹೇಳಿ ತಿರುಗಿದ್ದ.) ಮನುಷ್ಯ ಮಾತ್ರ ಹಸುವಿನಂಥವನು. ಭಾವನ ಕುಹಕಕ್ಕೆಲ್ಲ ನಕ್ಕು ಸುಮ್ಮನಾಗುವವನು.

"ಲೋ ನಿಂಗರಾಜು, ಏನಿಲ್ಲ ಕಣ್ಲಾ, ನಮ್ಮಾಫೀಸ್ನಲ್ಲಿ ಚಿನ್ನಸ್ವಾಮಿ ಅಂತ ಅವ್ರೆ. ಅವ್ರ ಮಗ ಏಳ್ನೇ ಕ್ಲಾಸು. ಲೆಕ್ಕದಲ್ಲಿ ಸ್ವಲ್ಪ ದಡ್ಡ. ತ್ರಿಭುಜದ ಕೋನಾನ ಸುಲಭ್ವಾಗಿ ಹೆಂಗೆ ತೋರ್ಸೋದು ಅಂತ ಕೇಳ್ತಾವ್ರೆ. ನಂಗೇನೋ ಗೊತ್ತದೆ. ನೀನು ಹೆಂಗೆ ಏಳ್ತೀಯ ನೋಡವ ಅಂತ."

"ಅದಕ್ಕೇನು ಭಾವ. ಕಾಗದದಲ್ಲಿ ಒಂದು ತ್ರಿಭುಜ ಕತ್ತರಿಸಿ ಮೂರು ಮೂಲೇನೂ ಹರೀರಿ. ಮೂರನ್ನೂ ಒತ್ತೊತ್ತಿಗೆ ಇಟ್ರೆ ನೆಟ್ಟಗೆ ಒಂದು ಗೆರೆ ಆಗ್ತದೆ. ನೂರ ಎಂಬತ್ತು ಅಂದ್ರೆ ಅದೇಯ. ಅಳೆಯಂಗೇ ಇಲ್ಲ."

ಅಂದು ಮನೆಗೆ ಓಡಿಬಂದ ಉದಯಕುಮಾರ್ ಕೈಗೆ ಸಿಕ್ಕಿದ ದಪ್ಪ ಕಾಗದವನ್ನು ತ್ರಿಭುಜ ಮಾಡಿ ಮೂಲೆ ಹರಿದು ಜೋಡಿಸಿದ. ನೆಟ್ಟಗೆ ಗೆರೆ ಬಂತು. ಸಿಂಚನ ಕಣ್ಣರಳಿಸಿ ನೋಡಿದಳು. (ಆ ದಪ್ಪ ಕಾಗದ ರೂಪಳ ಚಿಕ್ಕಪ್ಪನ ಮಗನ ಮದುವೆ ಕಾರ್ಡಾಗಿತ್ತು. ಮುಹೂರ್ತದ ದಿನ ಇದ್ದದ್ದೇ ಹರಿದ ಮೂಲೆಯಲ್ಲಿ. ಇವರು ಸಂಸಾರ ಸಮೇತ ಛತ್ರಕ್ಕೆ ಹೋದಾಗ ಅಲ್ಲಿ ಬೇರೆ ಯಾರದ್ದೋ ನಾಮಕರಣ ನಡೆಯುತ್ತಿತ್ತು. ಅದರ ಮಾತು ಈಗ ಬೇಡ.)

ಅಲ್ಲಿಂದ ಮುಂದೆ ಪ್ರತಿ ಸಂಜೆ ಚಿನ್ನಸ್ವಾಮಿಯ ಮಗನಿಗೆ ಒಂದಲ್ಲ ಒಂದು ಅನುಮಾನ ಬರತೊಡಗಿತು. ಶೇಕಡಾ ಲೆಕ್ಕ, ಭಿನ್ನರಾಶಿ, ಸಮಾಂತರ ರೇಖೆ, ಪಾಪ ಆ ಹುಡುಗನಿಗೆ ಯಾವುದೂ ಬಾರದು. ನಿಂಗರಾಜು ಬೇಸರವಿಲ್ಲದೆ ಹೇಳಿಕೊಟ್ಟ. ಉದಯಕುಮಾರ್ ಅದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದು, ಮನೆ ಮುಟ್ಟುವುದರೊಳಗೆ ಅರ್ಧ ಮರೆತು, ಉಳಿದರ್ಧವನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದ. ನಡುವೆ ಎಲ್ಲೋ ದಾರಿ ತಪ್ಪುತ್ತಿತ್ತು. ಅಪ್ಪ ಮಗಳಿಬ್ಬರೂ ಚಾಪೆಯ ಮೇಲೆ ಬೋರಲು ಬಿದ್ದು, ಎಲ್ಲಿ ತಪ್ಪಿತು ಅಂತ ಹುಡುಕುತ್ತಿದ್ದರು. ಹುಡುಕಿ ಕೊಡುವವಳು ಹೆಚ್ಚಾಗಿ ಸಿಂಚನ.

ಇಪ್ಪತ್ತೆರಡರ ಕೆಳಗೆ ಏಳರ ಗುಟ್ಟನ್ನೂ ನಿಂಗರಾಜು ಬಿಡಿಸಿದ. ದುಂಡಗಿರುವ ಯಾವುದನ್ನಾದರೂ ತಗೊಂಡು ಸುತ್ತ ದಾರ ಸುತ್ತಿ, ಆ ದಾರವನ್ನು ಅಡ್ಡಕ್ಕೆ ಹಿಡಿದು ಎಷ್ಟು ಸಲ ಬರುತ್ತದೆ ನೋಡಲಿ ಭಾವ, ಅಂದ. ಆ ಭಾನುವಾರ ರೂಪಳ ಹೊಲಿಗೆಯ ದಾರದುಂಡೆ ಹಿಡಿದು ಇಬ್ಬರೂ ಅಡುಗೆಮನೆಗೆ ದಾಳಿಯಿಟ್ಟರು. ಊಟದ ತಟ್ಟೆ, ಕುಕ್ಕರಿನ ಮುಚ್ಚಳ, ಬಾಂಡ್ಲಿ, ಕೊನೆಗೆ ರೂಪಳ ಕೈಬಳೆ. ಪ್ರತಿಯೊಂದಕ್ಕೂ ದಾರ ಅಡ್ಡಕ್ಕೆ ಮೂರು ಸಲ ಬಂದು ಮೇಲೊಂದು ಚೂರು ಉಳಿಯಿತು. ಬಳೆಗೂ ಅಷ್ಟೇ, ಬಾಂಡ್ಲಿಗೂ ಅಷ್ಟೇ. ಉದಯಕುಮಾರ್ ದಾರ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. "ಅಲ್ಲವ್ವ, ಇಷ್ಟ್ ವರ್ಸ ಇದು ನಮ್ಮನೇಲೇ ಇತ್ತಲ್ಲ," ಅಂದ. ಆ ದಿನ ಅವನಿಗೆ ಯಾರ ಮುಂದೆಯೂ ಜಂಬ ಕೊಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಮಗಳ ಜೊತೆ ಹಾಗೆ ಕೂತಿದ್ದೇ ಬೇಕಾದಷ್ಟಾಯಿತು.

ಆದರೆ ಆ ಒಳ್ಳೆಯತನ ಏಪ್ರಿಲ್ಲಿನವರೆಗೆ ಬಾಳಲಿಲ್ಲ. ವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು. ಗಣಿತದಲ್ಲಿ ಎಂಬತ್ತೊಂದು.

ಉದಯಕುಮಾರ್ ಮೊದಲು ಅತ್ತ. (ಬಚ್ಚಲಲ್ಲಿ, ನಲ್ಲಿ ತಿರುಗಿಸಿಕೊಂಡು.) ಆಮೇಲೆ ಮುಖ ತೊಳೆದು, ತಲೆ ಬಾಚಿ, ಊರ ಮೇಲೆ ಹೊರಟ. ಹಾಲಿನ ಅಂಗಡಿಯಲ್ಲಿ ಹೇಳಿದ, ಕ್ಷೌರದಂಗಡಿಯಲ್ಲಿ ಹೇಳಿದ, ಹನೂರಿನ ಬಸ್ಸಿನ ಕಂಡಕ್ಟರಿಗೆ ಹೇಳಿದ. ಅಷ್ಟಕ್ಕೂ ತೃಪ್ತಿಯಾಗದೆ ಹೆಂಡತಿಯ ತವರಿನವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ತನ್ನದೊಂದು ಒಳ್ಳೆಯ ಫೋಟೋ ಹಾಕಿ, ಕೆಳಗೆ ಧ್ವನಿ ಸಂದೇಶ ಬಿಟ್ಟ. ಗಂಟಲು ಸರಿಮಾಡಿಕೊಂಡು ಹೇಳಿದ ಮಾತು ಇದು: "ಎಲ್ರಿಗೂ ನಮಸ್ಕಾರ. ಸಿಂಚನಂಗೆ ಲೆಕ್ಕ ಏಳ್ಕೊಟ್ಟಿದ್ದು ನಾನು. ನಾನೊಬ್ನೇ. ಯಳಂದೂರಿಂದ್ಲಾಗ್ಲಿ ಬ್ಯಾರೆಲ್ಲಿಂದ್ಲಾಗ್ಲಿ ಒಂದು ಸೊನ್ನೆ ಸಹಾಯಾನೂ ಬಂದಿಲ್ಲ. ಮಗಳು ಇಲ್ಲೇ ಇರ್ತಾಳೆ."

ಭಾನುವಾರ ಶಾಗ್ಯದಿಂದ ಶಂಕರಮ್ಮ ಬಂದಳು. ಮೊಮ್ಮಗಳಿಗೆ ಹೊಸ ಲಂಗ, ಮಗಳಿಗೆ ಹೊಸ ಹುಣಸೆಹಣ್ಣು. ಯಳಂದೂರಿನಿಂದ ನಿಂಗರಾಜುವೂ ಸಿಹಿ ಹಿಡಿದು ಬಂದ. ಊಟವಾದ ಮೇಲೆ ಶಂಕರಮ್ಮ ಎಲೆಅಡಿಕೆ ಚೀಲದಿಂದ ಅರಿಶಿನದ ಬಟ್ಟೆಯ ಸಣ್ಣ ಗಂಟೊಂದನ್ನು ತೆಗೆದು ಕಣ್ಣಿಗೊತ್ತಿಕೊಂಡಳು.

"ಅಳಿಯಂದ್ರೆ, ನಿಮ್ ಬಾಯಿಂದ್ಲೇ ಇನ್ನೊಂದ್ಸಲ ಏಳ್ಬುಡಿ. ಮಗೀಗೆ ಲೆಕ್ಕ ಏಳ್ಕೊಟ್ಟೋರು ನೀವೇ ತಾನೆ?"

"ನಾನೇ ಅತ್ತೆ," ಅಂದ ಉದಯಕುಮಾರ್, ಕುರ್ಚಿಯಲ್ಲಿ ನೆಟ್ಟಗೆ ಕೂತು.

"ನಮ್ಮ್ ನಿಂಗರಾಜಂದು ಏನೂ ಇಲ್ವ?"

"ಏನೂ ಇಲ್ಲ."

"ಮಾದಪ್ಪನ ಫೋಟ ಅದೆ ಅಲ್ಲಿ. ಅದರ ಮುಂದೆ ಏಳಿ."

"ಮಾದಪ್ಪನ ಮುಂದೆ ಏಳ್ತೀನಿ. ನಾನೊಬ್ನೇ."

"ಸರಿ ಬುಡಿ," ಅಂದಳು ಶಂಕರಮ್ಮ. "ನಾಳೆ ಸ್ವಾಮಾರ. ಒತ್ತಾರೆ ಬಸ್‌ಗೆ ಬೆಟ್ಟಕ್ಕೋಗಿ ಮುಡಿ ಕೊಟ್ಬುಟ್ಟು ಬಂದ್ಬುಡವ."

"ಯಾರ್ ಮುಡಿ?"

"ನಿಮ್ದೇಯ."

ಉದಯಕುಮಾರನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಶಂಕರಮ್ಮ ವಿವರ ಕೊಟ್ಟಳು. ಮಗು ಹತ್ತೊಂಬತ್ತು ತೆಗೆದ ವಾರವೇ ಅವಳು ಮಲೆ ಮಾದೇಶ್ವರ ಬೆಟ್ಟಕ್ಕೆ ಹೋಗಿದ್ದಳಂತೆ. ಮಗುವಿನ ಜಡೆಯನ್ನೇ ಹೊತ್ತುಕೊಳ್ಳೋಣವೆಂದರೆ ಎಣ್ಣೆ ಹಾಕಿ ಹಾಕಿ ಬೆಳೆಸಿದ ಜಡೆ, ಮನಸ್ಸು ಬರಲಿಲ್ಲವಂತೆ. ಅದಕ್ಕೇ, "ಈ ಮಗೀಗೆ ಲೆಕ್ಕ ಅತ್ತಿಸ್ದೋರ ಮುಡಿ ನಿಂಗೆ ಕಣಪ್ಪ ಮಾದಪ್ಪ," ಎಂದು ಹರಕೆ ಹೊತ್ತು ಗಂಟು ಕಟ್ಟಿದಳಂತೆ.

"ನಾನು ನಿಂಗರಾಜು ಏಳ್ಕೊಡ್ತಾನೆ ಅಂತ ಅನ್ಕಂಡು ಒತ್ಕಂಡೆ ಅಳಿಯಂದ್ರೆ. ಅವ್ನ ತಲೇಲಿ ಏನದೆ? ನಾಕ್ ಎಳೆ. ಕೊಟ್ರೂ ಒಂದೇ, ಬುಟ್ರೂ ಒಂದೇ. ನೀವ್ ನೋಡುದ್ರೆ ನಾನೊಬ್ನೇ ನಾನೊಬ್ನೇ ಅಂತ ಊರಿಗೆಲ್ಲ ಏಳ್ಬುಟ್ರಿ. ನಾನೇನ್ ಮಾಡ್ಲಿ?"

ಉದಯಕುಮಾರ್ ಎದ್ದು ನಿಂತ. ಹಣೆಯಲ್ಲಿ ಬೆವರು. "ಅತ್ತೆ, ಸತ್ಯ ಏಳ್ಬುಡ್ತೀನಿ. ಎಲ್ಲಾ ಏಳ್ಕೊಟ್ಟಿದ್ದು ನಿಂಗರಾಜೇಯ. ದಿನಾ ಫೋನಲ್ಲಿ. ನಾನು ಬರೀ ಪೋಸ್ಟ್‌ಮ್ಯಾನ್ ಕೆಲ್ಸ ಮಾಡ್ದೋನು. ಕೇಳಿ ಅವನ್ನ."

ನಿಂಗರಾಜು ಗಾಬರಿಯಿಂದ ಮುಖ ನೋಡಿದ. "ನಾನ್ ಹೇಳ್ಕೊಟ್ಟಿದ್ದು ಚಿನ್ನಸ್ವಾಮಿಯವರ ಮಗನಿಗಲ್ವ ಭಾವ? ಪಾಸಾದ್ನ ಆ ಹುಡುಗ?"

"ಯಾವ್ ಹುಡುಗ?" ಅಂದಳು ರೂಪ. "ಚಿನ್ನಸ್ವಾಮಿಯವ್ರಿಗೆ ಮದುವೇನೇ ಆಗಿಲ್ವಲ್ಲ."

ಉದಯಕುಮಾರ್ ನೆಲ ನೋಡಿದ. ನೆಲವೂ ಬಾಯಿ ಬಿಡಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ತೊಟ್ಟಿಯ ಲೆಕ್ಕ ತನಗೆ ಇವತ್ತಿಗೂ ಬಾರದು, ಬಸ್‌ಸ್ಟ್ಯಾಂಡಿನಲ್ಲಿ ಕದ್ದು ಫೋನು ಮಾಡುತ್ತಿದ್ದದ್ದು ನಿಜ, ಚಿನ್ನಸ್ವಾಮಿಯ ಮಗ ಎಂಬುವನು ತಾನೇ. ಮಾತು ಮುಗಿಯುವ ಹೊತ್ತಿಗೆ ತೊಂಬತ್ತಾರು ಎಂಬ ಅಂಕವೂ ಕರಗಿ ಮೂವತ್ತೆಂಟಕ್ಕೆ ಬಂದು ನಿಂತಿತ್ತು. ಮಾನ ಹೋದರೆ ಹೋಗಲಿ, ಕೂದಲು ಉಳಿದರೆ ಸಾಕು ಅನ್ನುವ ಲೆಕ್ಕ ಅವನದು.

ಶಂಕರಮ್ಮ ಎಲ್ಲ ಕೇಳಿ, ಮೊಮ್ಮಗಳ ಕಡೆ ತಿರುಗಿದಳು. "ನೀನೇಳವ್ವ. ನಿಂಗೆ ಲೆಕ್ಕ ಅತ್ತಿದ್ದು ಯಾರಿಂದ?"

ಸಿಂಚನ ಮಾವನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಅಪ್ಪನಿಂದಾನೇ ಅಜ್ಜಿ. ಅಪ್ಪ ಎಲ್ಲಾ ಲೆಕ್ಕನೂ ತಪ್ಪು ಮಾಡೋರು. ಎಲ್ಲಿ ತಪ್ಪಾಯ್ತು ಅಂತ ನಾನು ಹುಡುಕ್ತಿದ್ದೆ. ದಿನಾ ಹುಡುಕಿ ಹುಡುಕಿ ನಂಗೆ ಬಂದ್ಬಿಡ್ತು. ಸ್ಕೂಲಲ್ಲಿ ಮಿಸ್ಸು ಸರಿಯಾಗೇ ಮಾಡ್ತಾರೆ, ಅದಕ್ಕೇ ಅಲ್ಲಿ ಏನೂ ತಿಳೀತಿರ್ಲಿಲ್ಲ." ಸ್ವಲ್ಪ ತಡೆದು, "ಅಪ್ಪ ನನ್ ಜೊತೆ ಚಾಪೆ ಮೇಲೆ ಕೂತ್ಕೋತಿದ್ರು," ಎಂದು ಸೇರಿಸಿದಳು.

ಉದಯಕುಮಾರನಿಗೆ ಸಂತೋಷಪಡಬೇಕೋ ನಾಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದು ಕಣ್ಣು ಮಂಜಾದವು.

"ಆಯ್ತಲ್ಲ," ಅಂದಳು ಶಂಕರಮ್ಮ. "ಸರಿಯಾಗೋ ತಪ್ಪಾಗೋ, ಅತ್ತಿದ್ದು ನಿಮ್ಮಿಂದ."

"ಅರ್ಧ ನಂದು, ಅರ್ಧ ನಿಂಗರಾಜಂದು ಅಂತ ಭಿನ್ನರಾಶಿ ಮಾಡ್ಕಂಡ್ರೆ ಆಗಲ್ವ ಅತ್ತೆ?" ಕೊನೆಯ ಪ್ರಯತ್ನ.

"ಅರ್ಧ ತಲೆ ಬೋಳಿಸ್ಕಂಡು ಹನೂರ್‌ಗೆ ಓಯ್ತೀರ?"

"ಪೂರಾ ಬೋಳಿಸ್ದೆ ಬರೀ ಐದು ಕತ್ರಿ ಕೂದ್ಲು ಕೊಟ್ರೆ?"

"ಅದು ಎಂಗುಸ್ರಿಗೆ."

ಅವನು ಹೆಂಡತಿಯ ಕಡೆ ನೋಡಿದ. ರೂಪ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು. "ಬೆಳೀತದೆ ಬುಡ್ರಿ," ಅಂದಳು. "ದೇವ್ರ ಅರಕೆ ಇಟ್ಕಬಾರ್ದು."

ಸೋಮವಾರ ಬೆಟ್ಟದಲ್ಲಿ ತಣ್ಣೀರು ಸುರಿದುಕೊಂಡು ಉದಯಕುಮಾರ್ ಕತ್ತು ಬಗ್ಗಿಸಿ ಕೂತ. ಮುಂದಿನ ಸುಳಿ ಮೊದಲು ಹೋಯಿತು, ಹಿಂದಿನ ಅಲೆ ಆಮೇಲೆ. ಸುತ್ತ "ಉಘೇ ಮಾದಪ್ಪ" ಅನ್ನುವ ಕೂಗು. ನಿಂಗರಾಜುವೂ ಪಕ್ಕದಲ್ಲೇ ಕೂತು ತನ್ನ ಕಿವಿ ಮೇಲಿನ ನಾಲ್ಕು ನಾಲ್ಕು ಎಳೆಗಳನ್ನು ಕೊಟ್ಟ. "ನಂದೂ ಒಂಚೂರು ಪಾಲಿದೆ ಭಾವ, ಚಿನ್ನಸ್ವಾಮಿ ಮಗನ ಲೆಕ್ಕದಲ್ಲಿ," ಅಂದ. ಉದಯಕುಮಾರನಿಗೆ ಅವನ ಮೇಲೆ ಮೊದಲ ಸಲ ನಿಜವಾದ ಪ್ರೀತಿ ಬಂತು. ಬೋಳು ತಲೆಗೆ ಗಾಳಿ ಎಷ್ಟು ತಂಪಾಗಿ ತಾಗುತ್ತದೆ ಅನ್ನುವುದೂ ಅಂದೇ ಗೊತ್ತಾಯಿತು.

ವಾಪಸ್ಸು ಬರುವಾಗ ಬಸ್ಸು ಹನೂರಿನಲ್ಲಿ ನಿಂತಿತು. ಕಚೇರಿ ಮುಗಿಯುವ ಹೊತ್ತು. ಉದಯಕುಮಾರ್ ಟವೆಲ್ಲನ್ನು ತಲೆಗೆ ಎಳೆದುಕೊಳ್ಳುವುದರೊಳಗೆ ಬಸ್ಸು ಹತ್ತಿದವರು ಸಾಕ್ಷಾತ್ ಚಿನ್ನಸ್ವಾಮಿ. ಅವರು ಗಾಬರಿಬಿದ್ದು, ತಗ್ಗಿದ ದನಿಯಲ್ಲಿ, "ಯಾರ್ ತೀರ್ಕಂಡ್ರು ಉದಯಣ್ಣ?" ಎಂದು ಕೇಳಿದರು.

"ಯಾರೂ ಇಲ್ಲ ಚಿನ್ನಸ್ವಾಮಿ. ನಿಮ್ಮ್ ಮಗ ಪಾಸಾದ," ಅಂದ ಉದಯಕುಮಾರ್.

ಬ್ರಹ್ಮಚಾರಿ ಚಿನ್ನಸ್ವಾಮಿ ಕೊಳ್ಳೇಗಾಲ ಬರುವವರೆಗೂ ಹಿಂದಿನ ಸೀಟಿನಲ್ಲಿ ಕೂತು ಆ ಬೋಳು ತಲೆಯನ್ನೇ ನೋಡುತ್ತಿದ್ದರು.

ಸಿಂಚನ ಅಪ್ಪನ ಪಕ್ಕದಲ್ಲಿ ಕೂತಿದ್ದಳು. ಪ್ರಸಾದದ ಹೂವೆಲ್ಲ ಉದುರಿ ಬರಿದಾದ ದಾರ ಅವಳ ಕೈಯಲ್ಲಿತ್ತು. "ಅಪ್ಪ, ಒಸಿ ಬಗ್ಗು," ಅಂದಳು. ಅವನು ಬಗ್ಗಿದ. ದಾರವನ್ನು ತಲೆಯ ಸುತ್ತ ಸುತ್ತಿ, ಗುರುತಿಗೆ ಗಂಟು ಹಾಕಿ, ಬಿಚ್ಚಿ, ಎರಡು ಅಂಗೈಯನ್ನು ತಲೆಯ ಆಚೆ ಈಚೆ ಇಟ್ಟು ಅಡ್ಡಳತೆ ಹಿಡಿದು ನೋಡಿದಳು.

"ಮೂರ್ ಸಲ ಬಂತಪ್ಪ. ಮೇಲೊಂದು ಚೂರು ಉಳೀತು. ಬಾಂಡ್ಲಿ ಥರಾನೇ."

ಉದಯಕುಮಾರನಿಗೆ ನಗು ಬಂತು. ಮಗಳು ಅವನ ತೋಳಿಗೆ ಒರಗಿಕೊಂಡು, "ಎಂಟನೇ ಕ್ಲಾಸಿಗೂ ನೀನೇ ಹೇಳ್ಕೊಡ್ಬೇಕು," ಅಂದಳು. ಅವನು ಆಗಲಿ ಅಂದ. ಯಾರನ್ನೂ ಕೇಳಲಿಲ್ಲ, ಯೋಚಿಸಲೂ ಇಲ್ಲ, ಆಗಲಿ ಅಂದುಬಿಟ್ಟ. ಅಂದಮೇಲೆ ನೆನಪಾಗಿ ಮುಂದಿನ ಸೀಟಿನ ಕಡೆ ಬಗ್ಗಿ ಎರಡು ಕೈ ಮುಗಿದ.

"ಅತ್ತೆ, ಮುಂದ್ಲ ವರ್ಸಕ್ಕೆ ಒಂದು ತೆಂಗಿನಕಾಯಿ ಸಾಕು. ಅರಕೆ ಗಿರಕೆ ಏನೂ ಒತ್ಕಬ್ಯಾಡಿ."

ಶಂಕರಮ್ಮ ತಿರುಗಿ ನೋಡಿದಳು. ಅವಳ ಎಲೆಅಡಿಕೆ ಚೀಲದ ಬಾಯಲ್ಲಿ ಅರಿಶಿನದ ಬಟ್ಟೆಯ ಹೊಸ ಗಂಟೊಂದು ಆಗಲೇ ಇಣುಕುತ್ತಿತ್ತು.

"ಈಗ ಬೆಟ್ಟದಲ್ಲೇ ಒತ್ಕಂಡ್ಬುಟ್ನಲ್ಲ ಅಳಿಯಂದ್ರೆ," ಅಂದಳು. "ಒಸಿ ಬ್ಯಾಗ ಬೆಳೀಬೇಕು. ನಾಳೆ ಒಳ್ಳೆ ಎಣ್ಣೆ ಕಾಯ್ಸಿ ಕಳುಸ್ತೀನಿ, ದಿನಾ ಅಚ್ಕಳಿ."